ಕೊತ್ತಿಯ ಕಜ್ಜಿಗೆ ಯಾರ ಮದ್ದು?

ಚನ್ನರಾಯಪಟ್ಟಣ ತಾಲ್ಲೂಕಿನ ನಮ್ಮ ಬಾಗೂರಿನ ಕಡೆ ಬೆಕ್ಕಿಗೆ ‘ಕೊತ್ತಿ’ ಎನ್ನುತ್ತಾರೆ. ಪುಸ್ತಕದ ಕನ್ನಡದಲ್ಲಿ ಅದು ಬೆಕ್ಕು, ಹಳಗನ್ನಡದಲ್ಲಿ ಬೆರ್ಕು, ಸಂಸ್ಕೃತದಿಂದ ಬಂದ ಹೆಸರು ಮಾರ್ಜಾರ. ಈ ಕೊನೆಯ ಹೆಸರಿನ ಬುಡದಲ್ಲಿ ‘ಮೃಜ್’ ಎಂಬ ಧಾತು ಇದೆ. ಒರೆಸು, ಉಜ್ಜು, ಶುಚಿ ಮಾಡು ಎಂದು ಅದರ ಅರ್ಥ. ಸಮ್ಮಾರ್ಜನ ಎಂಬ ಮಾತಿನಲ್ಲಿರುವುದೂ ಇದೇ ಧಾತು. ಎಚ್ಚರವಿದ್ದ ಹೊತ್ತಿನ ದೊಡ್ಡ ಪಾಲನ್ನು ಮೈ ನೆಕ್ಕಿಕೊಳ್ಳುವುದರಲ್ಲೇ ಕಳೆಯುವ ಪ್ರಾಣಿಯನ್ನು ನೋಡಿದವರು ಅದಕ್ಕೆ ‘ತನ್ನನ್ನು ತಾನು ಶುಚಿ ಮಾಡಿಕೊಳ್ಳುವುದು’ ಎಂದು ಹೆಸರಿಟ್ಟರು. ಹೆಸರು ಚೆನ್ನಾಗಿದೆ. ಆದರೆ ಬೆಕ್ಕಿನ ಚರ್ಮರೋಗದ ಚರಿತ್ರೆಯಲ್ಲಿ ಎಲ್ಲ ತೊಡಕಿನ ಮೂಲವೂ ಈ ಗುಣವೇ. ಮೈಮೇಲೆ ಹತ್ತಿದ ಹುಳುವನ್ನು ಅದು ನೆಕ್ಕಿ ನುಂಗಿಬಿಡುತ್ತದೆ, ಹಾಗಾಗಿ ರೋಗ ಏನೆಂದು ತಿಳಿಯುವುದಿಲ್ಲ. ಮೈಮೇಲೆ ಹಚ್ಚಿದ ಮದ್ದನ್ನೂ ಅದು ನೆಕ್ಕಿ ನುಂಗುತ್ತದೆ, ಹಾಗಾಗಿ ಮದ್ದೇ ವಿಷವಾಗುತ್ತದೆ.

ಈ ಚರಿತ್ರೆಯ ಕಡೆಗೆ ನಾನು ಬಂದದ್ದು ನಮ್ಮ ಮನೆಯ ಕೊತ್ತಿಯಿಂದಾಗಿ. ನಮ್ಮ ಸೀಮೆಯಲ್ಲಿ ತೆಂಗಿನಕಾಯಿಯನ್ನು ಕೊಬ್ಬರಿಯಾಗಲೆಂದು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಬಿಡುತ್ತಾರೆ. ಅಟ್ಟದಲ್ಲಿ ಕಾಯಿ ಇದ್ದರೆ ಇಲಿ ಇರುತ್ತದೆ, ಇಲಿ ಇದ್ದರೆ ಕೊತ್ತಿ ಇರಬೇಕು. ಕಳೆದ ಮಳೆಗಾಲದಲ್ಲಿ ನಮ್ಮ ಕೊತ್ತಿಗೆ ನವೆ ಶುರುವಾಯಿತು. ಹಿಂಗಾಲಿನಿಂದ ಕತ್ತು ಕೆರೆದುಕೊಳ್ಳುವುದು, ಬಾಲದ ಬುಡವನ್ನು ಹಲ್ಲಿನಿಂದ ಕಚ್ಚಿಕೊಳ್ಳುವುದು, ಊಟ ಬಿಟ್ಟು ಎದ್ದು ಮತ್ತೆ ಕೆರೆದುಕೊಳ್ಳುವುದು. ಹದಿನೈದು ದಿನದಲ್ಲಿ ಬೆನ್ನಿನ ಕೂದಲು ಉದುರಿ, ಕತ್ತಿನ ಹತ್ತಿರ ರಕ್ತ ಬರುವಷ್ಟು ಗಾಯವಾಯಿತು.

ಊರಿನಲ್ಲಿ ಸಲಹೆಗೆ ಕೊರತೆ ಇಲ್ಲ. ಒಬ್ಬರು ಹೊಂಗೆ ಎಣ್ಣೆ ಹಚ್ಚು ಎಂದರು. ಇನ್ನೊಬ್ಬರು ಕೊಬ್ಬರಿ ಎಣ್ಣೆಯಲ್ಲಿ ಗಂಧಕ ಕಲಸು ಎಂದರು. ದನಕ್ಕೆ ಹಾಕುವ ಇಂಜೆಕ್ಷನ್ ಒಂದು ತೊಟ್ಟು ಹಾಕಿಸಿದರೆ ಸಾಕು ಎಂದರು ಮತ್ತೊಬ್ಬರು. ನಾಯಿಯ ಉಣ್ಣೆಗೆ ತಂದ ಮದ್ದು ಉಳಿದಿದೆ, ಕೊಡುತ್ತೇನೆ ಎಂದವರೂ ಇದ್ದರು. ಫಿನಾಯಿಲ್ ನೀರಿನಲ್ಲಿ ತೊಳೆ, ಕರ್ಪೂರ ಅರೆದು ಹಚ್ಚು ಎಂಬುದೂ ಬಂತು. ಎಲ್ಲವೂ ಕಕ್ಕುಲಾತಿಯಿಂದಲೇ ಹೇಳಿದ ಮಾತು. ಆದರೆ ಸಾಲಾಗಿ ಇಟ್ಟು ನೋಡಿದರೆ ಅವುಗಳಲ್ಲಿ ಒಂದೂ ಬೆಕ್ಕಿನ ಮದ್ದಲ್ಲ. ಒಂದು ಮನುಷ್ಯನದು, ಒಂದು ದನದ್ದು, ಒಂದು ನಾಯಿಯದು, ಒಂದು ನೆಲ ಒರೆಸುವುದು, ಒಂದು ದೇವರ ಮಂಗಳಾರತಿಯದು. ಇದೇ ಬೀದಿಯಲ್ಲಿ ಹಿಂದಿನ ವರ್ಷ ಒಂದು ಕೊತ್ತಿ ನಾಯಿಯ ಮದ್ದು ಹಚ್ಚಿಸಿಕೊಂಡ ದಿನ ರಾತ್ರಿಯೇ ಮೈ ಅದುರಿ ಅದುರಿ ಸತ್ತಿತ್ತು. ಹಾಗಾಗಿ ಏನನ್ನೂ ಹಚ್ಚದೆ ಪಶುವೈದ್ಯರ ಬಳಿ ಒಯ್ದೆವು. ಅದು ಹೇಗೆ ಮುಗಿಯಿತು ಎಂಬುದನ್ನು ಮುಂದೆ ಹೇಳುತ್ತೇನೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ಪ್ರಶ್ನೆ: ಸಾವಿರಾರು ವರ್ಷ ನಮ್ಮ ಮನೆಯೊಳಗೇ ಇರುವ ಪ್ರಾಣಿಗೆ ಸ್ವಂತ ಮದ್ದು ಯಾಕಿಲ್ಲ?

ಶಾಸ್ತ್ರಗಳಲ್ಲಿ ಇಲ್ಲದ ಪ್ರಾಣಿ

ಕನ್ನಡದಲ್ಲಿ ಪ್ರಾಣಿಗಳ ವೈದ್ಯದ ಬರವಣಿಗೆಗೆ ಸಾವಿರ ವರ್ಷದ ಚರಿತ್ರೆ ಇದೆ. ಕ್ರಿ.ಶ. 1025ರ ಸುಮಾರಿಗೆ ಚಾಲುಕ್ಯರ ಆಶ್ರಯದಲ್ಲಿದ್ದ ಇಮ್ಮಡಿ ಚಾವುಂಡರಾಯ ಬರೆದ ‘ಲೋಕೋಪಕಾರ’ದಲ್ಲಿ ಬೇಸಾಯ, ನೀರು ಹುಡುಕುವುದು, ಮರಗಿಡಗಳ ಆರೈಕೆ, ಅಡಿಗೆ, ಮನುಷ್ಯರ ವೈದ್ಯ, ವಿಷವೈದ್ಯ ಇವುಗಳ ಜೊತೆಗೆ ದನಕರುಗಳ ಚಿಕಿತ್ಸೆಯೂ ಇದೆ. ಚಾಲುಕ್ಯ ರಾಜವಂಶದವನೇ ಆದ ಕೀರ್ತಿವರ್ಮ ‘ಗೋವೈದ್ಯ’ ಬರೆದ. ಕುದುರೆಗಳ ವೈದ್ಯದ ಮೇಲೆ ಅಭಿನವಚಂದ್ರ ಬರೆದ. 1627ರಲ್ಲಿ ಮೈಸೂರಿನ ಚಾಮರಾಜ ಒಡೆಯರ ಕಾಲದಲ್ಲಿ ಪದ್ಮಣ ಪಂಡಿತನ ‘ಹಯಸಾರ ಸಮುಚ್ಚಯ’ ಬಂತು. ಸಂಸ್ಕೃತದಲ್ಲಿ ಆನೆಗೆ ಪಾಲಕಾಪ್ಯನ ಹೆಸರಿನ ಶಾಸ್ತ್ರವಿದೆ, ಕುದುರೆಗೆ ಶಾಲಿಹೋತ್ರನ ಹೆಸರಿನದಿದೆ. ಈ ಸಾಲಿನಲ್ಲಿ ಬೆಕ್ಕಿನ ಹೆಸರಿನ ಗ್ರಂಥವಿಲ್ಲ.

ಕಾರಣ ಊಹಿಸುವುದು ಕಷ್ಟವಲ್ಲ. ಆನೆ ಕುದುರೆ ಸತ್ತರೆ ರಾಜನ ಸೈನ್ಯಕ್ಕೆ ನಷ್ಟ, ಎತ್ತು ಸತ್ತರೆ ಬೇಸಾಯಕ್ಕೆ ನಷ್ಟ, ಹಸು ಸತ್ತರೆ ಹಾಲಿಗೆ ನಷ್ಟ. ನಮ್ಮ ಹಾಸನ ಸೀಮೆಯಲ್ಲಿ ಇದು ಇನ್ನೂ ಸ್ಪಷ್ಟ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ, ಟಿಪ್ಪುವಿನ ಕಾಲದಲ್ಲಿ ಅಮೃತ್ ಮಹಲ್ ಆಯಿತು. ಫಿರಂಗಿ ಎಳೆಯುವ ಎತ್ತುಗಳಿಗಾಗಿ ಊರೂರಿಗೆ ಕಾವಲುಗಳನ್ನು ಬಿಟ್ಟರು. ಬ್ರಿಟಿಷರ ಕಾಲದಲ್ಲೂ ಲೆಕ್ಕಾಚಾರ ಬದಲಾಗಲಿಲ್ಲ. 1889ರಲ್ಲಿ ಪುಣೆಯಲ್ಲಿ ಶುರುವಾಗಿ ಕೆಲವೇ ವರ್ಷದಲ್ಲಿ ಹಿಮಾಲಯದ ಮುಕ್ತೇಶ್ವರಕ್ಕೆ ಹೋದ ಸರ್ಕಾರಿ ಪ್ರಯೋಗಾಲಯದ ಮುಖ್ಯ ಕೆಲಸ ದನಗಳ ದೊಡ್ಡರೋಗದ್ದು. ಬೆಂಗಳೂರಿನಲ್ಲಿ ಮೈಸೂರು ಸಂಸ್ಥಾನದ ಸೀರಂ ಇನ್‌ಸ್ಟಿಟ್ಯೂಟ್ ಹುಟ್ಟಿದ್ದೂ ಅದೇ ರೋಗದ ಭಯದಿಂದ. ಆ ದುಡಿಮೆ ವ್ಯರ್ಥವಾಗಲಿಲ್ಲ. 2011ರಲ್ಲಿ ದೊಡ್ಡರೋಗ ಇಡೀ ಜಗತ್ತಿನಿಂದಲೇ ತೊಲಗಿತು ಎಂದು ಸಾರಲಾಯಿತು. ಸಿಡುಬಿನ ನಂತರ ಮನುಷ್ಯ ನಿರ್ಮೂಲ ಮಾಡಿದ ಎರಡನೆಯ ರೋಗ ಅದು.

ಹಾಗೆಂದು ಬೆಕ್ಕಿಗೆ ಬೆಲೆಯೇ ಇರಲಿಲ್ಲ ಎಂದಲ್ಲ. ಬೆಕ್ಕು ಮನುಷ್ಯನ ಹತ್ತಿರ ಬಂದದ್ದೇ ಧಾನ್ಯದ ಹಿಂದೆ. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷ ಹಿಂದಿನ ಒಂದು ಸಮಾಧಿಯಲ್ಲಿ ಮನುಷ್ಯನ ಪಕ್ಕದಲ್ಲೇ ಹೂತ ಬೆಕ್ಕೊಂದರ ಅಸ್ಥಿ ಸಿಕ್ಕಿದೆ. ನಮ್ಮಲ್ಲಿ ರಾಗಿಯನ್ನು ಹಗೇವಿನಲ್ಲಿ, ವಾಡೆಯಲ್ಲಿ, ಕಣಜದಲ್ಲಿ ತುಂಬಿದ ಪ್ರತಿ ಮನೆಗೂ ಬೆಕ್ಕು ಬೇಕಿತ್ತು. ತೆನಾಲಿ ರಾಮಕೃಷ್ಣನ ಕತೆ ನೆನಪಿಸಿಕೊಳ್ಳಿ: ಇಲಿ ಕಾಟಕ್ಕೆ ರಾಜ ಮನೆಮನೆಗೆ ಬೆಕ್ಕು ಹಂಚುತ್ತಾನೆ, ಬೆಕ್ಕಿಗೆ ಹಾಲು ಬೇಕಲ್ಲ ಎಂದು ಹಸುವನ್ನೂ ಕೊಡುತ್ತಾನೆ. ರಾಮಕೃಷ್ಣ ಬಿಸಿ ಹಾಲಿಟ್ಟು ಬೆಕ್ಕಿಗೆ ಹಾಲಿನ ಭಯ ಹುಟ್ಟಿಸಿ, ಹಸುವಿನ ಹಾಲನ್ನು ತಾನೇ ಕುಡಿಯುತ್ತಾನೆ. ಕತೆ ಕೇಳಿ ಎಲ್ಲರೂ ನಗುತ್ತೇವೆ. ಆದರೆ ಆ ಕತೆಯೂ ಒಂದು ಲೆಕ್ಕವನ್ನೇ ಹೇಳುತ್ತದೆ. ಬೆಕ್ಕಿನಿಂದ ಕೆಲಸ ಬೇಕು, ಅದಕ್ಕಾಗಿ ಖರ್ಚು ಬೇಡ. ಬಾಯಿ ಸುಟ್ಟುಕೊಂಡ ಬೆಕ್ಕಿನ ಕಡೆಗೆ ಕತೆ ತಿರುಗಿ ನೋಡುವುದಿಲ್ಲ.

ಸೂಜಿಯ ತುದಿಯಲ್ಲಿ ಸಿಕ್ಕ ಹುಳು

ಬೆಕ್ಕಿನ ನವೆಯ ಚರಿತ್ರೆ ಹುಡುಕಿದರೆ ಸಿಗುವುದು ಮೊದಲು ಮನುಷ್ಯನ ಕಜ್ಜಿಯ ಚರಿತ್ರೆಯೇ. ಆಯುರ್ವೇದದಲ್ಲಿ ಪಾಮಾ, ಕಚ್ಛು ಎಂಬ ಹೆಸರಿನಲ್ಲಿ ತುರಿಕೆಯ ರೋಗಗಳನ್ನು ಕುಷ್ಠದ ಗುಂಪಿಗೆ ಸೇರಿಸಿ, ದೋಷಗಳ ಏರುಪೇರಿನಿಂದ ವಿವರಿಸಿದ್ದಾರೆ. ಯುರೋಪಿನ ಪಂಡಿತರೂ ಶತಮಾನಗಳ ಕಾಲ ಕಜ್ಜಿಗೆ ಕಾರಣ ಮೈಯೊಳಗಿನ ಕೆಟ್ಟ ರಸ ಎಂದೇ ನಂಬಿದ್ದರು. ಹೊರಗಿನ ಹುಳುವನ್ನು ಕಂಡವರು ಪಂಡಿತರಲ್ಲ, ಹೆಂಗಸರು ಮತ್ತು ಗುಲಾಮರು.

1687ರಲ್ಲಿ ಇಟಲಿಯ ಲಿವೋರ್ನೊ ಬಂದರಿನಲ್ಲಿ ಜಿಯೊವಾನಿ ಕಾಸಿಮೊ ಬೊನೋಮೊ ಎಂಬ ವೈದ್ಯ ಮತ್ತು ಚೆಸ್ತೋನಿ ಎಂಬ ಔಷಧಿ ವ್ಯಾಪಾರಿ, ಬಡ ಹೆಂಗಸರು ಮಕ್ಕಳ ಕಜ್ಜಿಯಿಂದ ಸೂಜಿಯ ಮೊನೆಯಲ್ಲಿ ಏನನ್ನೋ ತೆಗೆದು ಹಿಸುಕುವುದನ್ನು ಗಮನಿಸಿದರು. ಗುಲಾಮರೂ ಒಬ್ಬರಿಗೊಬ್ಬರು ಹಾಗೆ ಮಾಡುತ್ತಿದ್ದರು. ಅದನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ಆಮೆಯಂಥ ಮೈಯ, ಕಾಲುಗಳುಳ್ಳ, ಮೊಟ್ಟೆ ಇಡುವ ಜೀವ ಕಂಡಿತು. ಚಿತ್ರ ಬರೆದು ಪ್ರಕಟಿಸಿದರು. ಆದರೂ ವೈದ್ಯ ಜಗತ್ತು ನಂಬಲಿಲ್ಲ. 1812ರಲ್ಲಿ ಪ್ಯಾರಿಸ್ಸಿನಲ್ಲಿ ಗಾಲೆಸ್ ಎಂಬಾತ ಕಜ್ಜಿಯ ಹುಳುವನ್ನು ಕಂಡೆ ಎಂದು ಹೆಸರು ಮಾಡಿದ. ಆದರೆ ಅವನ ಪ್ರಬಂಧದಲ್ಲಿದ್ದ ಚಿತ್ರ ಗಿಣ್ಣದ ಹುಳುವಿನದು ಎಂದು ಮುಂದೆ ಬಯಲಾಯಿತು. ಕೊನೆಗೆ 1834ರಲ್ಲಿ ಕಾರ್ಸಿಕಾ ದ್ವೀಪದ ವಿದ್ಯಾರ್ಥಿ ರೆನೂಚಿ, ತನ್ನ ಊರಿನ ಮುದುಕಿಯರು ಮಾಡುತ್ತಿದ್ದಂತೆಯೇ ಸೂಜಿಯಿಂದ ಹುಳು ತೆಗೆದು ಪ್ಯಾರಿಸ್ಸಿನ ಆಸ್ಪತ್ರೆಯಲ್ಲಿ ಎಲ್ಲರೆದುರು ತೋರಿಸಿದ. ಊರಿನ ಮುದುಕಿಗೆ ತಿಳಿದಿದ್ದು ಪಂಡಿತರಿಗೆ ತಿಳಿಯಲು 147 ವರ್ಷ ಹಿಡಿಯಿತು.

ಆ ಹುಳುವಿಗೆ ಕನ್ನಡದಲ್ಲಿ ಒಳ್ಳೆಯ ಮಾತಿದೆ: ನುಸಿ. ನಮ್ಮ ಚನ್ನರಾಯಪಟ್ಟಣ ಸೀಮೆಯವರಿಗೆ ಅದನ್ನು ವಿವರಿಸಬೇಕಾಗಿಲ್ಲ. 1998ರಲ್ಲಿ ಕೇರಳದಲ್ಲಿ ಮೊದಲು ಗುರುತಿಸಿದ ತೆಂಗಿನ ನುಸಿ ಸ್ವಲ್ಪ ಕಾಲದಲ್ಲೇ ನಮ್ಮ ತೋಟಗಳಿಗೂ ಬಂದು, ಕಾಯಿಯ ಮೇಲೆ ಕಂದು ಕಲೆ ಎಬ್ಬಿಸಿ, ಕಾಯಿಯನ್ನೇ ಸಣ್ಣದು ಮಾಡಿತು. ಕಣ್ಣಿಗೆ ಕಾಣದ ಜೀವ ಮರದ ಫಸಲನ್ನು ಹಾಳು ಮಾಡಬಲ್ಲದು ಎಂದು ಇಲ್ಲಿನ ರೈತರು ಕಲಿತದ್ದು ಆಗ. ಕಜ್ಜಿಯ ನುಸಿ, ತೆಂಗಿನ ನುಸಿ ಬೇರೆ ಬೇರೆ ಕುಟುಂಬದವು, ಆದರೆ ಒಂದೇ ದೊಡ್ಡ ಬಳಗದವು. ಮನುಷ್ಯನ ಕಜ್ಜಿಯ ನುಸಿಗೆ ತೀರ ಹತ್ತಿರದ ದಾಯಾದಿ ಬೆಕ್ಕಿಗಿದೆ. ‘ನೋಟೋಎಡ್ರಿಸ್ ಕ್ಯಾಟಿ’ ಎಂದು ಅದರ ಹೆಸರು. ಕಿವಿಯ ಅಂಚಿನಿಂದ ಹಿಡಿದು ಮುಖ, ಕತ್ತಿಗೆ ಹಬ್ಬಿ ಚರ್ಮವನ್ನು ದಪ್ಪ ಹಕ್ಕಳೆಯನ್ನಾಗಿ ಮಾಡುತ್ತದೆ. ಕಿವಿಯೊಳಗೆ ಸೇರುವುದು ಇನ್ನೊಂದು ನುಸಿ. ಕಾಫಿ ಪುಡಿಯ ಗಸಿಯಂಥ ಕಪ್ಪು ಕಸ ಕಿವಿಯಲ್ಲಿ ಕಂಡರೆ ಅದರದೇ ಕೆಲಸ ಇರಬಹುದು.

ನವೆ ಎಂದರೇನು ಎಂಬುದಕ್ಕೆ ಸರಿಯಾದ ಉತ್ತರ ಸಿಕ್ಕಿದ್ದು ಎರಡನೆಯ ಮಹಾಯುದ್ಧದ ನಡುವೆ. ಸೈನಿಕರಿಗೆ ಕಜ್ಜಿ ಹಬ್ಬಿದಾಗ ಬ್ರಿಟನ್ನಿನ ಕೆನೆತ್ ಮೆಲನ್‌ಬಿ, ಯುದ್ಧಕ್ಕೆ ಹೋಗಲೊಪ್ಪದ ಯುವಕರನ್ನು ಶೆಫೀಲ್ಡ್ ನಗರದಲ್ಲಿ ಒಂದೆಡೆ ಇರಿಸಿಕೊಂಡು ಅವರ ಒಪ್ಪಿಗೆಯಿಂದಲೇ ಕಜ್ಜಿ ಹತ್ತಿಸಿ ನೋಡಿದ. ರೋಗ ಹರಡುವುದು ಮುಖ್ಯವಾಗಿ ಮೈಗೆ ಮೈ ತಾಗುವುದರಿಂದ, ಕಂಬಳಿಯಿಂದ ಬಹಳ ಅಪರೂಪ ಎಂದು ಗೊತ್ತಾಯಿತು. ಅದಕ್ಕಿಂತ ಮುಖ್ಯವಾದುದು, ಮೈಯೆಲ್ಲ ಕೆರೆದುಕೊಳ್ಳುವ ರೋಗಿಯ ಮೇಲೆ ಸರಾಸರಿ ಹನ್ನೊಂದೇ ಹೆಣ್ಣು ನುಸಿಗಳಿದ್ದವು. ಹನ್ನೊಂದು ಹುಳುಗಳ ಕಡಿತಕ್ಕೆ ಇಷ್ಟು ನವೆ ಬರುವುದಿಲ್ಲ. ನವೆ ಹುಟ್ಟುವುದು ಆ ಹುಳುವಿನ ವಿರುದ್ಧ ಮೈ ಎಬ್ಬಿಸುವ ಗಲಾಟೆಯಿಂದ. ಬೆಕ್ಕಿನ ವಿಚಾರದಲ್ಲೂ ಈ ಮಾತು ಹಾಗೆಯೇ ನಿಲ್ಲುತ್ತದೆ. ಚಿಗಟದ ಜೊಲ್ಲಿಗೆ ಒಗ್ಗದ ಬೆಕ್ಕಿಗೆ ಒಂದೆರಡು ಕಡಿತ ಸಾಕು, ವಾರಗಟ್ಟಲೆ ಕೆರೆದುಕೊಳ್ಳುತ್ತದೆ. ‘ಮೈಮೇಲೆ ಒಂದು ಚಿಗಟವೂ ಕಾಣುತ್ತಿಲ್ಲವಲ್ಲ’ ಎನ್ನುವ ಮನೆಯವರ ಮಾತಿಗೆ ಉತ್ತರ ಇಲ್ಲಿದೆ.

ಇಲಿ ಬಿದ್ದ ವರ್ಷಗಳು

ಚಿಗಟ ನಮ್ಮ ಚರಿತ್ರೆಯ ಬಹುದೊಡ್ಡ ಪುಟವೊಂದಕ್ಕೆ ಸೇರಿದ ಜೀವ. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗು ಧಾರವಾಡ ಹುಬ್ಬಳ್ಳಿಗಳನ್ನು ಹಾದು 1898ರ ಆಗಸ್ಟಿನಲ್ಲಿ ಬೆಂಗಳೂರನ್ನು ಮುಟ್ಟಿತು. ಹುಬ್ಬಳ್ಳಿಯಲ್ಲಿ ಹಾಫ್‌ಕಿನ್ನನ ಲಸಿಕೆಯನ್ನು ಆಗಿನ ಕಾಲಕ್ಕೆ ಬಹುದೊಡ್ಡ ಪ್ರಮಾಣದಲ್ಲಿ ಹಾಕಿದರು. ಬೆಂಗಳೂರಿನಲ್ಲಿ ಬಸವನಗುಡಿ, ಮಲ್ಲೇಶ್ವರದಂಥ ಬಡಾವಣೆಗಳು ಬೆಳೆಯಲು, ಅಲ್ಲಲ್ಲಿ ಪ್ಲೇಗಮ್ಮನ ಗುಡಿಗಳು ಏಳಲು ಇದೇ ಕಾಲ ಕಾರಣ. ಹಳ್ಳಿಗಳಲ್ಲಿ ‘ಇಲಿ ಬಿತ್ತು’ ಎಂದರೆ ಸಾಕಿತ್ತು, ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕುತ್ತಿದ್ದರು. ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ದ ಅಗ್ರಹಾರದಲ್ಲಿ ಸತ್ತು ಬೀಳುವ ಇಲಿಗಳು ಕನ್ನಡ ಓದುಗರಿಗೆ ಗೊತ್ತೇ ಇವೆ.

ಇಲಿ ಏಕೆ ಬೀಳುತ್ತದೆ, ಇಲಿಯಿಂದ ಮನುಷ್ಯನಿಗೆ ರೋಗ ಹೇಗೆ ದಾಟುತ್ತದೆ ಎಂಬುದು ಆಗ ಯಾರಿಗೂ ತಿಳಿದಿರಲಿಲ್ಲ. ಅದನ್ನು ತೋರಿಸಿಕೊಟ್ಟವನು ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮೋಂ, ಸ್ಥಳ ಕರಾಚಿಯ ರೆನಾಲ್ಡ್ಸ್ ಹೋಟೆಲು, 1898ರ ಜೂನ್. ಪ್ಲೇಗು ಬಡಿದ ಮನೆಯಿಂದ ತಂದ ರೋಗಿ ಇಲಿಯೊಂದನ್ನು ಅವನು ದೊಡ್ಡ ಗಾಜಿನ ಜಾಡಿಯಲ್ಲಿ ಇಟ್ಟ. ಅದರ ಮೈಮೇಲೆ ಚಿಗಟ ಸಾಕಷ್ಟು ಇರಲೆಂದು, ಹೋಟೆಲಿನಲ್ಲಿ ಓಡಾಡಿಕೊಂಡಿದ್ದ ಬೆಕ್ಕೊಂದನ್ನು ಹಿಡಿದು ಅದರಿಂದಲೂ ಕೆಲವು ಚಿಗಟಗಳನ್ನು ಸಾಲ ತೆಗೆದುಕೊಂಡ. ಇಲಿ ಸಾಯುವ ಸ್ಥಿತಿಗೆ ಬಂದಾಗ, ಒಳ್ಳೆಯ ಇಲಿಯೊಂದನ್ನು ಪಂಜರದಲ್ಲಿಟ್ಟು, ರೋಗಿ ಇಲಿಯನ್ನು ಮುಟ್ಟದಂತೆ ಮೇಲೆ ತೂಗುಬಿಟ್ಟ. ಕೆಲವೇ ದಿನಗಳಲ್ಲಿ ಅದೂ ಪ್ಲೇಗಿನಿಂದ ಸತ್ತಿತು. ಮುಟ್ಟದೆ ದಾಟಿದ್ದು ಹಾರಬಲ್ಲ ಚಿಗಟ. ಹತ್ತು ವರ್ಷ ಅವನ ಮಾತನ್ನು ನಂಬಿದವರು ಕಡಿಮೆ. 1905ರ ನಂತರ ಮುಂಬಯಿಯಲ್ಲಿ ಕೆಲಸ ಮಾಡಿದ ಪ್ಲೇಗ್ ಆಯೋಗ ಅದನ್ನು ದೃಢಪಡಿಸಿತು. ಪ್ಲೇಗನ್ನು ಚೆನ್ನಾಗಿ ಹರಡುವುದು ಬೆಕ್ಕಿನ ಚಿಗಟವಲ್ಲ, ಇಲಿಯ ಚಿಗಟ ಎಂಬುದೂ ಗೊತ್ತಾಯಿತು. ಆದರೂ ಆ ಮಹಾ ಪ್ರಯೋಗದೊಳಗೆ ಕರಾಚಿಯ ಹೆಸರಿಲ್ಲದ ಬೆಕ್ಕೊಂದರ ನವೆಯೂ ಸೇರಿದೆ. ಅದರ ನವೆಗೆ ಯಾರಾದರೂ ಮದ್ದು ಮಾಡಿದರೆ ಎಂಬುದು ಚರಿತ್ರೆಯ ಪ್ರಶ್ನೆಯಾಗಲೇ ಇಲ್ಲ.

ಇನ್ನೊಂದು ಪ್ರಸಂಗ ನಾಗಪುರದ ಸೇನಾ ವೈದ್ಯಾಧಿಕಾರಿ ಆಂಡ್ರೂ ಬುಕಾನನ್‌ನದು. 1908ರಲ್ಲಿ ಅವನು ಪ್ಲೇಗಿಗೆ ಬೆಕ್ಕೇ ತಡೆ ಎಂದು ಬರೆದ. ಅಮರಾವತಿ ಜಿಲ್ಲೆಯ ಹಳ್ಳಿಗಳಲ್ಲಿ ಬೆಕ್ಕುಗಳ ಗಣತಿಯನ್ನೇ ಮಾಡಿಸಿ, ಬೆಕ್ಕು ಹೆಚ್ಚಿರುವ ಊರುಗಳಿಗೆ ಪ್ಲೇಗಿನ ಕಾಟ ಕಡಿಮೆ ಎಂದು ವಾದಿಸಿದ. ತೆನಾಲಿ ರಾಮಕೃಷ್ಣನ ಕತೆಯ ರಾಜನೇ ಇಲ್ಲಿ ಕೋಟು ತೊಟ್ಟು ಬಂದಂತಿದೆ. ಆದರೆ ಆ ವಾದದಲ್ಲಿ ಒಂದು ಬಿರುಕಿತ್ತು. ಪ್ಲೇಗು ತಗುಲಿದ ಇಲಿಯನ್ನು ತಿಂದ ಬೆಕ್ಕಿಗೂ ಪ್ಲೇಗು ಬರುತ್ತದೆ. ಬೆಕ್ಕು ಆ ರೋಗಕ್ಕೆ ಬಲು ಬೇಗ ಬಲಿಯಾಗುವ ಪ್ರಾಣಿ, ಅದರಿಂದ ಮನುಷ್ಯನಿಗೂ ದಾಟಬಹುದು ಎಂಬುದು ಮುಂದೆ ಅಮೆರಿಕದ ಪಶುವೈದ್ಯರ ಅನುಭವದಿಂದ ಖಚಿತವಾಯಿತು. ಕಾವಲಿಗೆ ನಿಲ್ಲಿಸಿದ ಪ್ರಾಣಿಯೂ ರೋಗಿಯಾಗಬಹುದು ಎಂಬ ಯೋಚನೆಗೆ ಇಪ್ಪತ್ತನೆಯ ಶತಮಾನದ ಮುಕ್ಕಾಲು ಭಾಗ ಕಳೆಯಬೇಕಾಯಿತು.

ಬೆಕ್ಕಿನ ಪಿತ್ತಕೋಶದ ಕತೆ

ಚಿಗಟದ ಮೇಲೆ ನಿಜವಾದ ಯುದ್ಧ ಸಾರಿದ್ದು ಡಿಡಿಟಿ. 1939ರಲ್ಲಿ ಸ್ವಿಟ್ಜರ್ಲೆಂಡಿನ ಪಾಲ್ ಮ್ಯುಲ್ಲರ್ ಅದರ ಕೀಟನಾಶಕ ಗುಣವನ್ನು ಕಂಡುಹಿಡಿದ, 1948ರಲ್ಲಿ ನೊಬೆಲ್ ಪಡೆದ. 1953ರಲ್ಲಿ ಶುರುವಾದ ರಾಷ್ಟ್ರೀಯ ಮಲೇರಿಯಾ ಕಾರ್ಯಕ್ರಮದ ಮೇಲೆ ಹಳ್ಳಿಹಳ್ಳಿಯ ಗೋಡೆಗೆ ಡಿಡಿಟಿ ಹೊಡೆದರು. ಮನೆಯ ಮೂಲೆಗೆ, ಹಾಸಿಗೆಯಡಿಗೆ, ಕೊಟ್ಟಿಗೆಗೆ ಗೆಮಾಕ್ಸಿನ್ ಪುಡಿ ಎರಚುವುದು ರೂಢಿಯಾಯಿತು. ಮನುಷ್ಯನಿಗೆ ಗೋಡೆಯ ಡಿಡಿಟಿಯಿಂದ ತಕ್ಷಣದ ತೊಂದರೆ ಕಾಣಲಿಲ್ಲ. ಬೆಕ್ಕಿನ ವಿಷಯ ಹಾಗಲ್ಲ. ಗೋಡೆಗೆ ಮೈ ಉಜ್ಜುವುದು, ಆಮೇಲೆ ಆ ಮೈಯನ್ನು ನೆಕ್ಕುವುದು ಅದರ ಸ್ವಭಾವ. ಬೋರ್ನಿಯೊ ದ್ವೀಪದ ಸರವಾಕ್ ಸೀಮೆಯಲ್ಲಿ ಬೆಕ್ಕುಗಳು ಇಲ್ಲವಾಗಿ ಇಲಿ ಹೆಚ್ಚಿದವು. 1960ರಲ್ಲಿ ಬ್ರಿಟನ್ನಿನ ವಾಯುಪಡೆ ಬಾರಿಯೊ ಎಂಬ ಬೆಟ್ಟದೂರಿಗೆ ಬೆಕ್ಕುಗಳನ್ನು ಬುಟ್ಟಿಯಲ್ಲಿಟ್ಟು ಪ್ಯಾರಾಚೂಟಿನಲ್ಲಿ ಇಳಿಸಿತು. ಈ ಕತೆಗೆ ಮುಂದೆ ಬಾಲ ಕಿವಿ ಸೇರಿಸಿ ಹೇಳಿದವರು ಬಹಳ, ಆದರೆ ಬೆಕ್ಕುಗಳು ಆಕಾಶದಿಂದ ಇಳಿದದ್ದು ನಿಜ.

ಬೆಕ್ಕಿನ ಎರಡನೆಯ ತೊಡಕು ಅದರ ಯಕೃತ್ತು, ನಮ್ಮ ಆಡುಮಾತಿನ ಪಿತ್ತಕೋಶ ಅಥವಾ ಈಲಿ. ಮನುಷ್ಯ, ನಾಯಿ, ದನಗಳ ಯಕೃತ್ತು ಅನೇಕ ವಿಷವಸ್ತುಗಳಿಗೆ ಒಂದು ಬಗೆಯ ಸಕ್ಕರೆಯ ಅಂಶ ಅಂಟಿಸಿ ಮೂತ್ರದಲ್ಲಿ ಹೊರಗೆ ಕಳಿಸುತ್ತದೆ. ಬೆಕ್ಕಿನಲ್ಲಿ ಈ ಕೆಲಸ ಮಾಡುವ ಒಂದು ಮುಖ್ಯ ಜೀನ್ ಕೆಟ್ಟು ನಿಂತಿದೆ. ಮಾಂಸವನ್ನಷ್ಟೇ ತಿಂದು ಬದುಕಿದ ಪ್ರಾಣಿಗೆ ಗಿಡಗಳ ವಿಷವನ್ನು ಕಳೆಯುವ ಅಗತ್ಯ ಬೀಳಲಿಲ್ಲ, ಹಾಗಾಗಿ ಆ ಶಕ್ತಿ ಹೋದರೂ ಅದು ಬದುಕಿತು ಎಂದು ವಿಜ್ಞಾನಿಗಳು ವಿವರಿಸುತ್ತಾರೆ. ಇದರ ಫಲ ಇಂದಿನ ಮನೆಗಳಲ್ಲಿ ಕಾಣುತ್ತದೆ. ನಾವು ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್‌ನ ಒಂದೇ ಮಾತ್ರೆ ಬೆಕ್ಕಿನ ಪ್ರಾಣ ತೆಗೆಯಬಲ್ಲದು. ಫಿನಾಯಿಲ್ ಜಾತಿಯ ದ್ರವಗಳು, ಕರ್ಪೂರ, ಮನುಷ್ಯನ ಕಜ್ಜಿಗೆ ಹಚ್ಚುವ ಬೆಂಜೈಲ್ ಬೆಂಜೊಯೇಟ್ ಎಲ್ಲವೂ ಅದಕ್ಕೆ ಅಪಾಯ. ಸೇವಂತಿಗೆಯ ಬಳಗದ ಹೂವೊಂದರಲ್ಲಿದ್ದ ಕೀಟನಾಶಕವನ್ನು ಅನುಸರಿಸಿ 1973ರಲ್ಲಿ ಇಂಗ್ಲೆಂಡಿನ ರೋಥಮ್‌ಸ್ಟೆಡ್‌ನಲ್ಲಿ ಮೈಕೆಲ್ ಎಲಿಯಟ್ ತಂಡ ಪರ್ಮೆಥ್ರಿನ್ ಮಾಡಿತು. ನಾಯಿಯ ಉಣ್ಣೆಗೆ ಅದು ಒಳ್ಳೆಯ ಮದ್ದು. ಅದೇ ಪ್ರಮಾಣ ಬೆಕ್ಕಿನ ಮೈಮೇಲೆ ಬಿದ್ದರೆ ನಡುಕ, ಸೆಳೆತ, ಸಾವು. ನಮ್ಮ ಬೀದಿಯ ಆ ಕೊತ್ತಿಯ ಮೈ ಅದುರಿದ್ದರ ಅರ್ಥ ಇದನ್ನು ಓದಿದ ಮೇಲೆ ನನಗಾಯಿತು. ಬಡಿಸಿದವರ ಕೈಯಲ್ಲಿ ಕೆಟ್ಟತನ ಇರಲಿಲ್ಲ. ನಾಯಿ, ಬೆಕ್ಕು ಎರಡೂ ಮನೆಯ ಪ್ರಾಣಿ, ಎರಡಕ್ಕೂ ಒಂದೇ ಮದ್ದು ಆಗುತ್ತದೆ ಎಂಬ ತರ್ಕವಷ್ಟೇ ಇತ್ತು.

ದನದ ಇಂಜೆಕ್ಷನ್ನಿನ ಕತೆಯೂ ಕುತೂಹಲದ್ದು. ಜಪಾನಿನ ಕವಾನಾ ಎಂಬಲ್ಲಿ ಗಾಲ್ಫ್ ಮೈದಾನದ ಬಳಿಯ ಮಣ್ಣಿನಿಂದ ಸತೋಷಿ ಒಮುರಾ ಹಿಡಿದ ಸೂಕ್ಷ್ಮಜೀವಿಯೊಂದರಿಂದ, ವಿಲಿಯಂ ಕ್ಯಾಂಪ್‌ಬೆಲ್ ಮೊದಲಾದವರು ಐವರ್ಮೆಕ್ಟಿನ್ ತಯಾರಿಸಿದರು. 1981ರಲ್ಲಿ ಅದು ಪ್ರಾಣಿಗಳ ಮದ್ದಾಗಿ ಮಾರುಕಟ್ಟೆಗೆ ಬಂತು. ಮುಂದೆ ಆಫ್ರಿಕಾದಲ್ಲಿ ಲಕ್ಷಾಂತರ ಜನರನ್ನು ನದಿಕುರುಡಿನಿಂದ ಕಾಪಾಡಿ, 2015ರಲ್ಲಿ ಇಬ್ಬರಿಗೂ ನೊಬೆಲ್ ತಂದಿತು. ಬೆಕ್ಕಿನ ನುಸಿಗೂ ಪಶುವೈದ್ಯರು ಇದನ್ನು ಕೊಡುತ್ತಾರೆ. ಆದರೆ ಬಾಟಲಿ ದನದ ಅಳತೆಯದು. 50 ಕಿಲೋ ತೂಕಕ್ಕೆ 1 ಮಿಲಿಲೀಟರ್ ಎಂಬ ಲೆಕ್ಕ ಹಿಡಿದರೆ, 3 ಕಿಲೋ ಬೆಕ್ಕಿಗೆ ಬರುವುದು 0.06 ಮಿಲಿಲೀಟರ್. ಸಿರಿಂಜಿನಲ್ಲಿ ಕಣ್ಣಿಗೆ ಸರಿಯಾಗಿ ಕಾಣದಷ್ಟು. ‘ಒಂದು ತೊಟ್ಟು’ ಎಂದು ಹೇಳುವುದು ಸುಲಭ, ಆ ತೊಟ್ಟು ಎಷ್ಟು ಎಂಬುದರಲ್ಲಿ ಪ್ರಾಣ ಇದೆ.

ಬೆಕ್ಕಿನ ಮಾತು ಕೇಳಿದ ಒಬ್ಬ ವೈದ್ಯ

ಬೆಕ್ಕಿನ ನವೆ ಹೇಗಿರುತ್ತದೆ ಎಂದು ಬೆಕ್ಕಿನ ಜಾಗದಲ್ಲಿ ನಿಂತು ನೋಡಿದ ಪಶುವೈದ್ಯನೊಬ್ಬ ಈ ಚರಿತ್ರೆಯಲ್ಲಿದ್ದಾನೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ವೆಸ್ಟ್‌ಪೋರ್ಟ್ ಎಂಬ ಊರಿನ ರಾಬರ್ಟ್ ಲೋಪೆಜ್. ತನ್ನ ಬಳಿ ಬಂದ ಬೆಕ್ಕುಗಳ ಒಡತಿ ಮತ್ತು ಅವಳ ಮಗಳಿಗೂ ನವೆ ಬಂದದ್ದು ಕಂಡು, ಬೆಕ್ಕಿನ ಕಿವಿಯ ನುಸಿ ಮನುಷ್ಯನಿಗೂ ಹತ್ತುತ್ತದೆಯೇ ಎಂದು ತಿಳಿಯಲು, ರೋಗಿ ಬೆಕ್ಕಿನ ಕಿವಿಯಿಂದ ನುಸಿ ತುಂಬಿದ ಕಸ ತೆಗೆದು ತನ್ನ ಕಿವಿಗೇ ಹಾಕಿಕೊಂಡ. ಕೂಡಲೇ ಕೆರೆಯುವ, ಹರಿದಾಡುವ ಸದ್ದು ಶುರುವಾಯಿತು. ರಾತ್ರಿಯಾದಂತೆ ಹೆಚ್ಚಾಗಿ ನಿದ್ದೆ ಹೋಯಿತು. ಹಾಗೆ ವಾರಗಟ್ಟಲೆ ನರಳಿ, ವಾಸಿಯಾದ ಮೇಲೆ ಮತ್ತೆ ಹಾಕಿಕೊಂಡ, ಮೂರನೆಯ ಸಲವೂ ಹಾಕಿಕೊಂಡ. ಸಲದಿಂದ ಸಲಕ್ಕೆ ಬಾಧೆ ಕಡಿಮೆಯಾದದ್ದನ್ನೂ ಗಮನಿಸಿದ. 1993ರಲ್ಲಿ ಅದನ್ನು ಪಶುವೈದ್ಯರ ಪತ್ರಿಕೆಯಲ್ಲಿ ಬರೆದ. 1994ರಲ್ಲಿ, ನಗಿಸಿ ಯೋಚನೆಗೆ ಹಚ್ಚುವ ಸಂಶೋಧನೆಗಳಿಗೆ ಕೊಡುವ ಇಗ್ ನೊಬೆಲ್ ಬಹುಮಾನ ಅವನಿಗೆ ಬಂತು. ಜಗತ್ತು ನಕ್ಕಿತು. ನನಗೆ ಮಾತ್ರ ಅವನಲ್ಲಿ ಆ ಕಾರ್ಸಿಕಾದ ಮುದುಕಿಯರ ಸಾಲಿನ ಒಬ್ಬ ಕಾಣುತ್ತಾನೆ. ರೋಗವನ್ನು ದೂರದಿಂದ ವಿವರಿಸದೆ, ಸೂಜಿ ಹಿಡಿದು ಹತ್ತಿರ ಹೋದವನು.

ನಮ್ಮ ಕೊತ್ತಿಯನ್ನು ನೋಡಿದ ವೈದ್ಯರೂ ಮೊದಲು ಮಾಡಿದ್ದು ಬೆರಳಿನಿಂದ ತಡವಿ ನೋಡುವ ಕೆಲಸ. ಬೆನ್ನಿನ ಮೇಲೆ ಕೈಯಾಡಿಸಿ ‘ನೀವೇ ಮುಟ್ಟಿ ನೋಡಿ’ ಎಂದರು. ಕೂದಲಿನಡಿ ರಾಗಿ ಚೆಲ್ಲಿದಂತೆ ಸಣ್ಣ ಸಣ್ಣ ಗುಳ್ಳೆ. ಇದಕ್ಕೆ ಇಂಗ್ಲಿಷಿನಲ್ಲಿ ‘ಮಿಲಿಯರಿ’ ಚರ್ಮರೋಗ ಎಂದು ಹೆಸರು. ಲ್ಯಾಟಿನ್ನಿನ ‘ಮಿಲಿಯಂ’ ಎಂದರೆ ಸಿರಿಧಾನ್ಯ. ಯಾವುದೋ ಕಾಲದ ಯುರೋಪಿನ ವೈದ್ಯನ ಬೆರಳಿಗೂ ಬಾಗೂರಿನ ನನ್ನ ಬೆರಳಿಗೂ ಒಂದೇ ಕಾಳು ತಾಗಿತ್ತು. ಆಮೇಲೆ ಸಣ್ಣ ಹಲ್ಲಿನ ಬಾಚಣಿಗೆಯಿಂದ ಬಾಲದ ಬುಡವನ್ನು ಬಾಚಿ, ಉದುರಿದ ಕಪ್ಪು ಪುಡಿಯನ್ನು ಒದ್ದೆ ಮಾಡಿದ ಬಿಳಿ ಕಾಗದದ ಮೇಲೆ ಹಾಕಿದರು. ಪುಡಿಯ ಸುತ್ತ ಕೆಂಪು ಕಲೆ ಹರಡಿತು. ಚಿಗಟ ಹೀರಿದ ರಕ್ತ, ಅದರ ಹಿಕ್ಕೆಯಾಗಿ ಉಳಿದದ್ದು. ಕೊತ್ತಿ ಚಿಗಟವನ್ನು ನೆಕ್ಕಿ ನುಂಗಿತ್ತು, ಸಾಕ್ಷಿಯನ್ನು ಮಾತ್ರ ಬಿಟ್ಟಿತ್ತು. ಚಿಗಟ ನುಂಗಿದ ಬೆಕ್ಕಿನ ಹೊಟ್ಟೆಗೆ ಲಾಡಿಹುಳು ಸೇರುತ್ತದೆ ಎಂದು ಅದಕ್ಕೂ ಮಾತ್ರೆ ಕೊಟ್ಟರು. ಕೂದಲು ದುಂಡಗೆ ಉದುರಿದ್ದರೆ ಹುಳುಕಡ್ಡಿಯ ಗುಮಾನಿ, ಅದು ನಮಗೂ ಮಕ್ಕಳಿಗೂ ಅಂಟುತ್ತದೆ, ಇದು ಅದಲ್ಲ ಎಂದೂ ಹೇಳಿದರು.

ಮದ್ದು ಬೆಕ್ಕಿಗೆಂದೇ ಅಳೆದು ತುಂಬಿದ ಒಂದು ಸಣ್ಣ ಕೊಳವೆ, ಫಿಪ್ರೋನಿಲ್. 1990ರ ದಶಕದಲ್ಲಿ ಬಳಕೆಗೆ ಬಂದದ್ದು. ನಾಲಿಗೆ ಎಟುಕದ ಹಿಂಗತ್ತಿನ ಜಾಗದಲ್ಲಿ, ಕೂದಲು ಸರಿಸಿ ಚರ್ಮಕ್ಕೆ ಬಿಡಬೇಕು. ಆ ಜಾಗವನ್ನು ಆರಿಸಿದ್ದರಲ್ಲೇ ಇಡೀ ಚರಿತ್ರೆಯ ಪಾಠ ಇದೆ. ಕೊನೆಗೂ ಯಾರೋ ಮಾರ್ಜಾರ ಎಂಬ ಹೆಸರಿನ ಅರ್ಥವನ್ನು ಗಮನಿಸಿ ಮದ್ದು ಮಾಡಿದ್ದರು. ಆದರೆ ಮದ್ದಿನ ಅರ್ಧ ಕೆಲಸ ಮನೆಯದು. ಕೊತ್ತಿಯ ಮೇಲೆ ಇರುವ ಚಿಗಟ ಒಟ್ಟು ಸಂಸಾರದಲ್ಲಿ ಸಣ್ಣ ಪಾಲು. ಹೆಣ್ಣು ಚಿಗಟ ದಿನಕ್ಕೆ ನಲವತ್ತರವರೆಗೆ ಇಡುವ ಮೊಟ್ಟೆ ಉದುರುವುದು ಚಾಪೆ, ಗೋಣಿಚೀಲ, ತೆಂಗಿನ ಮಟ್ಟೆಯ ಸಂದಿಗೆ. ಗೂಡಿನೊಳಗಿನ ಮರಿ ತಿಂಗಳುಗಟ್ಟಲೆ ಕಾದು, ಯಾರೋ ನಡೆದ ಅದುರಿಗೆ, ಮೈಯ ಬಿಸಿಗೆ ಎದ್ದು ಬರುತ್ತದೆ. ಅಟ್ಟದಡಿಯ ಗೋಣಿಚೀಲಗಳನ್ನೆಲ್ಲ ಬಿಸಿಲಿಗೆ ಹಾಕಿದೆವು, ಕೊತ್ತಿ ಮಲಗುವ ಬಟ್ಟೆಯನ್ನು ಕುದಿನೀರಿನಲ್ಲಿ ಒಗೆದೆವು, ಮೂರು ತಿಂಗಳು ತಪ್ಪದೆ ಕೊಳವೆಯ ಮದ್ದು ಬಿಟ್ಟೆವು. ಕೂದಲು ತಿರುಗಿ ಬಂತು.

ಊರಿನವರು ಹೇಳಿದ ಮದ್ದುಗಳಲ್ಲಿ ಎಲ್ಲವೂ ಸುಳ್ಳಲ್ಲ ಎಂಬುದನ್ನೂ ಹೇಳಬೇಕು. ಗಂಧಕದ ಮಾತು ನಿಜವೇ. ಸುಣ್ಣ ಗಂಧಕ ಸೇರಿಸಿ ಕಾಯಿಸಿದ ದ್ರವವನ್ನು ಬೆಕ್ಕಿನ ನುಸಿಗೂ ಹುಳುಕಡ್ಡಿಗೂ ಪಶುವೈದ್ಯರು ಇಂದಿಗೂ ಬಳಸುತ್ತಾರೆ. ಕೊಳೆತ ಮೊಟ್ಟೆಯ ನಾತ, ಆದರೂ ಕೆಲಸ ಮಾಡುತ್ತದೆ. ಅಳತೆ ಸರಿಯಿರಬೇಕು, ಒಣಗುವ ತನಕ ನೆಕ್ಕದಂತೆ ಕೊರಳಿಗೆ ಪಟ್ಟಿ ಹಾಕಬೇಕು. ಅಜ್ಜಿಯ ಜ್ಞಾನಕ್ಕೂ ವೈದ್ಯರ ಜ್ಞಾನಕ್ಕೂ ನಡುವೆ ಇರುವುದು ಅನೇಕ ಸಲ ಆ ಪಟ್ಟಿ, ಆ ಅಳತೆ ಇಷ್ಟೇ. ಬರೆದಿಟ್ಟ ವಿದ್ಯೆಯಲ್ಲಿ ಅಳತೆ ಉಳಿಯುತ್ತದೆ. ದನಕ್ಕೆ, ಕುದುರೆಗೆ ಅದು ಸಾವಿರ ವರ್ಷದಿಂದ ಉಳಿದು ಬಂದಿದೆ, ಬೆಕ್ಕಿಗೆ ಯಾರೂ ಬರೆಯಲಿಲ್ಲ.

ಇಂದು ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯದ ಕಾಲೇಜು ನಮ್ಮ ಹಾಸನದಲ್ಲೇ ಇದೆ. ಅಲ್ಲಿ ಕಲಿಯುವ ಮಕ್ಕಳು ಬೆಕ್ಕಿನ ಚರ್ಮವನ್ನೂ ಓದುತ್ತಾರೆ. ಆದರೆ ಒಂದು ಲೆಕ್ಕ ಮಾತ್ರ ಹಳೆಯದೇ ಉಳಿದಿದೆ. 1919ರಲ್ಲಿ ಶುರುವಾದ ಭಾರತದ ಜಾನುವಾರು ಗಣತಿಯ ಇಪ್ಪತ್ತನೆಯ ಸುತ್ತು 2019ರಲ್ಲಿ ಮುಗಿಯಿತು. ಅದರಲ್ಲಿ ದನ, ಎಮ್ಮೆ, ಕುರಿ, ಮೇಕೆ, ಹಂದಿ, ಕುದುರೆ, ಕತ್ತೆ, ಒಂಟೆ, ಮೊಲ, ಆನೆ ಎಲ್ಲಕ್ಕೂ ಕಲಮುಗಳಿವೆ, ನಾಯಿಗೂ ಇದೆ. ಬೆಕ್ಕಿಗೆ ಇಲ್ಲ. ಈ ದೇಶದಲ್ಲಿ ಸರ್ಕಾರದ ಮನುಷ್ಯನೊಬ್ಬ ಮನೆಮನೆಗೆ ಹೋಗಿ ‘ನಿಮ್ಮಲ್ಲಿ ಬೆಕ್ಕು ಎಷ್ಟಿವೆ’ ಎಂದು ಕೇಳಿಸಿದ್ದು ಬುಕಾನನ್‌ನ ಕಾಲದಲ್ಲಿ, ಅದೂ ಇಲಿ ಬಿದ್ದ ವರ್ಷಗಳಲ್ಲಿ.